6×4×4 ಪಂಜರಕ್ಕೆ ಎಷ್ಟು ಮರಿ ಬಿಡಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರಲ್ಲಾ!

ಹಿನ್ನೀರ ಹುಡುಗ (ಕೆ.ಆರ್.ಎಸ್. ಹಿನ್ನೀರು, ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಮೀನುಗಾರರ ಸಂಘದವರು ಹಿನ್ನೀರಲ್ಲಿ ಮೀನು ಸಾಕಲು ಬಲೆಯ ಪಂಜರ ಹಾಕಬೇಕು ಅಂತ ಹೊರಟಿದ್ದೇವೆ. ಅನುಮತಿಯ ಓಡಾಟ ನಡೆಯುತ್ತಿದೆ. ಪಂಜರದ ಅಳತೆ ಎಲ್ಲರೂ ಹಾಕುವುದೇ: 6 ಮೀಟರ್ ಉದ್ದ, 4 ಅಗಲ, 4 ಆಳ. ಬಿಡಬೇಕು ಅಂದುಕೊಂಡಿರುವುದು ಗಿಫ್ಟ್ ತಳಿಯ ತಿಲಾಪಿಯಾ ಮೀನು, ಅಂದರೆ ನಮ್ಮ ಕಡೆ ಜಿಲೇಬಿ.

ತಲೆ ಕೆಟ್ಟಿರುವುದು ಮರಿ ಲೆಕ್ಕದಲ್ಲಿ. ತರಬೇತಿಯಲ್ಲಿ ಒಬ್ಬರು ಘನ ಮೀಟರಿಗೆ 40 ಅಂದರು. ಫೀಡ್ ಮಾರುವವರು 100 ಧಾರಾಳವಾಗಿ ಬಿಡಿ ಅನ್ನುತ್ತಾರೆ. ಯೂಟ್ಯೂಬಲ್ಲಿ ಒಬ್ಬರು 400 ಬಿಟ್ಟು ಭರ್ಜರಿ ಇಳುವರಿ ತೋರಿಸುತ್ತಾರೆ. 40ಕ್ಕೂ 400ಕ್ಕೂ ಎಲ್ಲಿಂದೆಲ್ಲಿಗೆ? ಯಾರನ್ನು ನಂಬೋದು?

ಪಂಗಾಸ್ ಪ್ರೇಮಿ

100 ಬಿಡಿ ಬ್ರದರ್, ಭಯ ಬೇಡ. ನಾವು ಪಂಗಾಸ್ ಮೀನನ್ನು 100ರಂತೆಯೇ ಬಿಡುವುದು, ಚೆನ್ನಾಗಿಯೇ ಬರುತ್ತದೆ. ಪಂಜರಕ್ಕೆ ದುಡ್ಡು ಸುರಿದ ಮೇಲೆ ಅರ್ಧ ಖಾಲಿ ಬಿಟ್ಟುಕೊಂಡು ಕೂತರೆ ಸಾಲ ತೀರುತ್ತಾ?

ಬಲೆಮನೆ (ಎಚ್.ಡಿ. ಕೋಟೆ ಕಡೆ)

ಹಿನ್ನೀರ ಹುಡುಗ ಅವರೇ, ಆ ಮೂವರು ಹೇಳಿದ್ದೂ ನಿಜ ಇರಬಹುದು. ಆದರೆ ಮೂವರೂ ಬೇರೆ ಬೇರೆ ಪಂಜರದ ಮಾತಾಡುತ್ತಿದ್ದಾರೆ.

ಮೊದಲು ಆ 400ರ ವಿಷಯ. ವಿಡಿಯೋ ಇನ್ನೊಂದು ಸಲ ನೋಡಿ. ಪಂಜರ ಎಷ್ಟು ದೊಡ್ಡದಿದೆ? ಬಹುಶಃ ಮೀಟರಿಗೆ ಮೀಟರ್ ಚೌಕದ ಪುಟ್ಟ ಪಂಜರ ಇರುತ್ತದೆ. ಚೀನಾ, ಇಂಡೋನೇಷ್ಯಾ ಕಡೆ ಹೆಸರಾದ ಪದ್ಧತಿ ಅದು. 1 ಘನ ಮೀಟರ್ ನೀರಿಗೆ ನಾಲ್ಕು ಬದಿಯಿಂದ 4 ಚದರ ಮೀಟರ್ ಬಲೆ ಸಿಗುತ್ತದೆ. ನಿಮ್ಮ ದೊಡ್ಡ ಪಂಜರದಲ್ಲಿ ಬದಿಯ ಬಲೆಯೆಲ್ಲಾ ಸೇರಿ 70 ಚದರ ಮೀಟರ್, ಒಳಗಿನ ನೀರು 84 ಘನ ಮೀಟರ್. ಅಂದರೆ ಒಂದು ಘನ ಮೀಟರಿಗೆ 1 ಚದರ ಮೀಟರ್ ಬಲೆಯೂ ಬರುವುದಿಲ್ಲ. ಹೊಸ ನೀರು ಒಳಗೆ ಬರಬೇಕಾದ್ದು, ಹಳೇ ನೀರು ಹೊರಗೆ ಹೋಗಬೇಕಾದ್ದು ಆ ಬಲೆಯಲ್ಲೇ ಅಲ್ವಾ? ಚಿಕ್ಕ ಪಂಜರದ ಲೆಕ್ಕವನ್ನು ದೊಡ್ಡದಕ್ಕೆ ಹಾಗೇ ಗುಣಿಸಿದರೆ ನಡುವಿನ ಮೀನಿಗೆ ಉಸಿರಿಲ್ಲ.

96 ಇರಬೇಕಿತ್ತು, 84 ಯಾಕೆ ಅಂತ ಕೇಳಬೇಡಿ. ಮೀನು ಹಾರಿ ಹೋಗದಿರಲಿ ಅಂತ ಬಲೆಯ ಮೇಲಿನ ಅರ್ಧ ಮೀಟರ್ ನೀರಿನಿಂದ ಹೊರಗೇ ನಿಂತಿರುತ್ತದೆ. 6×4×3.5 ಮಾತ್ರ ನೀರು. ಕಾಗದದ ಮೇಲೆ ಎಲ್ಲರೂ 96ಕ್ಕೇ ಮರಿ ಆರ್ಡರ್ ಮಾಡುತ್ತಾರೆ!

ಈಗ ಉಸಿರಿನ ಲೆಕ್ಕ. ಬೆಚ್ಚನೆಯ ನೀರಲ್ಲಿ, ಹೊಟ್ಟೆ ತುಂಬ ತಿಂದ ಜಿಲೇಬಿ ಕೆ.ಜಿ.ಗೆ ಗಂಟೆಗೆ ಸುಮಾರು 200ರಿಂದ 300 ಮಿಲಿಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದೆ. 250 ಅಂತಲೇ ಇಟ್ಟುಕೊಳ್ಳಿ. ನೀರಲ್ಲಿ ಲೀಟರಿಗೆ 5 ಮಿಲಿಗ್ರಾಂ ಇದೆ ಅನ್ನಿ. 3ಕ್ಕೆ ಇಳಿದರೆ ಮೀನು ಮೇವು ಬಿಡಲು ಶುರು ಮಾಡುತ್ತದೆ. ಹಾಗಾಗಿ ಖರ್ಚು ಮಾಡಬಹುದಾದ್ದು 2 ಮಿಲಿಗ್ರಾಂ ಮಾತ್ರ. 84 ಸಾವಿರ ಲೀಟರಿಗೆ 168 ಗ್ರಾಂ ಆಯಿತು. ಪಂಜರದಲ್ಲಿ 1 ಟನ್ ಮೀನಿದ್ದರೆ ಅದು 40 ನಿಮಿಷಕ್ಕೆ ಸಾಕು. 2 ಟನ್ ಇದ್ದರೆ 20 ನಿಮಿಷ.

ಅಂದರೆ ಪಂಜರದ ಒಳಗಿರುವ ನೀರು ಮೀನನ್ನು ಸಾಕುತ್ತಿಲ್ಲ. ಬಲೆ ದಾಟಿ ಬರುವ ನೀರು ಸಾಕುತ್ತಿದೆ. ಗಾಳಿ ನಿಂತ ರಾತ್ರಿ, ಬಲೆಗೆ ಪಾಚಿ ಮೆತ್ತಿದ್ದರೆ, ಆ 20 ನಿಮಿಷವೇ ನಿಮ್ಮ ಬಂಡವಾಳ.

ಹಿನ್ನೀರ ಹುಡುಗ

ಅಣ್ಣಾ, ಈ ಥರ ಯಾರೂ ಹೇಳಿರಲಿಲ್ಲ. ಹಾಗಾದರೆ ಮರಿ ಎಣಿಸುವುದೇ ತಪ್ಪಾ?

ಬಲೆಮನೆ

ಎಣಿಸಬೇಕು, ಕೊನೆಯಲ್ಲಿ. ಮೊದಲು ಕೆ.ಜಿ. ಲೆಕ್ಕ ಹಾಕಿ. 20 ಗ್ರಾಂ ಮರಿ ಘನ ಮೀಟರಿಗೆ 100 ಬಿಟ್ಟರೂ ಅದು 2 ಕೆ.ಜಿ. ಅಷ್ಟೇ. ಮೊದಲ ಎರಡು ತಿಂಗಳು ಯಾರು ಎಷ್ಟು ಬಿಟ್ಟರೂ ಚೆನ್ನಾಗಿಯೇ ಕಾಣುತ್ತದೆ, ಜನ ಮೋಸ ಹೋಗುವುದು ಇಲ್ಲೇ. ಅದೇ 100 ಮೀನು ಅರ್ಧ ಕೆ.ಜಿ. ಆಗುವ ಹೊತ್ತಿಗೆ 50 ಕೆ.ಜಿ. ಆಗಿರುತ್ತದೆ.

ಹಾಗಾಗಿ ಹಿಂದಿನಿಂದ ಬನ್ನಿ. ವರ್ಷದಲ್ಲಿ ನಿಮ್ಮ ನೀರು ಅತ್ಯಂತ ಕೆಟ್ಟದಾಗಿರುವ ಮುಂಜಾನೆ ಎಷ್ಟು ಕೆ.ಜಿ. ಮೀನು ತಡೆಯುತ್ತದೆ? ಅದನ್ನು ಮಾರುವ ಸೈಜಿನಿಂದ ಭಾಗಿಸಿ. ಸಾಯುವ ಮರಿಗೆ ಒಂದಿಷ್ಟು ಸೇರಿಸಿ. ಬಂದದ್ದೇ ನಿಮ್ಮ ಮರಿ ಸಂಖ್ಯೆ.

ಪಂಗಾಸ್ ಪ್ರೇಮಿ

ಸಾರ್ ಲೆಕ್ಕ ಹಾಕುತ್ತಾ ಕೂತರೆ ಮೀನು ಸಾಕೋದು ಯಾವಾಗ 😀 ನಮ್ಮದು 100ಕ್ಕೆ ಬರುತ್ತಿದೆ, ಅದಕ್ಕೇನು ಹೇಳುತ್ತೀರಿ?

ಬಲೆಮನೆ

ನಿಮ್ಮದು ಬರುತ್ತದೆ, ಯಾಕೆಂದರೆ ಪಂಗಾಸ್ ಮೇಲೆ ಬಂದು ಗಾಳಿ ನುಂಗುತ್ತದೆ. ಅದರ ಗಾಳಿಚೀಲ ಅರ್ಧ ಶ್ವಾಸಕೋಶದ ಕೆಲಸ ಮಾಡುತ್ತದೆ. ಜಿಲೇಬಿಗೆ ಆ ಸೌಲಭ್ಯ ಇಲ್ಲ. ಕಾಟ್ಲಾ, ರೋಹುಗಂತೂ ಇಲ್ಲವೇ ಇಲ್ಲ. ಒಂದು ಜಾತಿಯ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕಬಾರದು.

ಪಂಗಾಸಿಗೂ ಗಾಳಿ ಸಿಕ್ಕರೆ ಎಲ್ಲ ಸಿಕ್ಕ ಹಾಗಲ್ಲ. ಅಮೋನಿಯಾ ಇದೆ, ಕಿವಿರಿನ ರೋಗ ಇದೆ. ಜನವರಿಯ ಚಳಿಗೆ ಅದು ಮೇವು ಬಿಡುವುದು ನೀವೂ ನೋಡಿರುತ್ತೀರಿ.

ಪಂಗಾಸ್ ಪ್ರೇಮಿ

ಚಳಿ ವಿಷಯ ಒಪ್ಪಿದೆ. ಜನವರಿಯಲ್ಲಿ ಕೊಟ್ಟ ಫೀಡೆಲ್ಲಾ ತೇಲುತ್ತಲೇ ಇರುತ್ತದೆ.

ಮಂಗಳೂರು ಕಾಲೇಜು (ಊರು ಮೈಸೂರು)

ನಾನು ಮೀನುಗಾರಿಕೆ ಓದುತ್ತಿರುವವಳು. ಬಲೆಮನೆ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ದಟ್ಟಣೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಸಂಖ್ಯೆ ಇಟ್ಟು, ಒಂದೊಂದಕ್ಕೂ ಮೂರು ಪಂಜರ ಕೊಟ್ಟು, ಒಂದೇ ಫೀಡ್ ಹಾಕಿ ತೂಗುತ್ತಾರೆ. ಫಲಿತಾಂಶ ಹೆಚ್ಚುಕಡಿಮೆ ಹೀಗಿರುತ್ತದೆ: ದಟ್ಟಣೆ ಏರಿದಂತೆ ಒಂದೊಂದು ಮೀನಿನ ತೂಕ ಇಳಿಯುತ್ತದೆ, ಒಟ್ಟು ಇಳುವರಿ ಒಂದು ಹಂತದವರೆಗೆ ಏರುತ್ತದೆ, ಕೆ.ಜಿ. ಮೀನಿಗೆ ತಗಲುವ ಫೀಡ್ ಜಾಸ್ತಿಯಾಗುತ್ತದೆ. ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್, ಸಕ್ಕರೆ ಎರಡೂ ಏರುವುದನ್ನು ಅಳೆಯುತ್ತಾರೆ. ಒತ್ತಡದಲ್ಲಿರುವ ಮೀನು ತಿಂದದ್ದನ್ನು ಮೈಗೆ ಹಚ್ಚಿಕೊಳ್ಳುವುದಿಲ್ಲ.

ಆದರೆ ಓದುವಾಗ ಒಂದು ಎಚ್ಚರ ಬೇಕು. ಇಂಥ ಪ್ರಯೋಗ ಎಷ್ಟೋ ಸಲ 60ರಿಂದ 90 ದಿನಕ್ಕೆ, ಸಣ್ಣ ಪಂಜರದಲ್ಲಿ, ಸಣ್ಣ ಮೀನಿನಲ್ಲೇ ಮುಗಿದಿರುತ್ತದೆ. "100 ಬಿಟ್ಟರೂ ತೊಂದರೆ ಇಲ್ಲ" ಅಂತ ಅದರಲ್ಲಿದ್ದರೆ ಅದು ಆ ಸೈಜಿನ ಮೀನಿಗೆ ನಿಜ. ನಿಮ್ಮ ಕೊನೆಯ ತಿಂಗಳ ಬಗ್ಗೆ ಅದು ಏನೂ ಹೇಳುತ್ತಿಲ್ಲ.

ಇನ್ನೊಂದು: ತೀರಾ ಕಮ್ಮಿಯೂ ಒಳ್ಳೆಯದಲ್ಲ. ಜಿಲೇಬಿ ಜಗಳಗಂಟ ಮೀನು. ಜಾಗ ಜಾಸ್ತಿ ಇದ್ದರೆ ದೊಡ್ಡ ಗಂಡು ಒಂದು ಮೂಲೆ ಹಿಡಿದು ಬೇರೆಯವನ್ನು ಕಚ್ಚಿ ಓಡಿಸುತ್ತದೆ. ಸ್ವಲ್ಪ ಗುಂಪಾಗಿದ್ದಾಗ ಯಾರ ಜಾಗ ಯಾವುದು ಅಂತಲೇ ಗೊತ್ತಾಗದೆ ಜಗಳ ನಿಲ್ಲುತ್ತದೆ. ತುಂಬಾ ತುಂಬಿದಾಗ ಮತ್ತೆ ಶುರು, ಈ ಸಲ ಮೇವಿಗೆ.

ಬಲೆಮನೆ

ಸರಿಯಾಗಿ ಹೇಳಿದಿರಿ ತಂಗಿ. ಆ ಮೇವಿನ ಜಗಳ ಕಣ್ಣಿಗೇ ಕಾಣುತ್ತದೆ. ತುಂಬಿದ ಪಂಜರಕ್ಕೆ ಫೀಡ್ ಎರಚಿ ನೋಡಿ. ನಡುವೆ ನೀರು ಕುದಿಯುತ್ತದೆ, ಅಲ್ಲೆಲ್ಲಾ ದೊಡ್ಡವೇ. ಸಣ್ಣವು ಬಲೆ ಬದಿಗೆ ಒತ್ತರಿಸಿ ನಿಂತಿರುತ್ತವೆ. ಅವುಗಳಲ್ಲಿ ಒಂದನ್ನು ಕೈಬಲೆಯಲ್ಲಿ ಎತ್ತಿ. ಮೂತಿ ತರಚಿ ಬಿಳಿಯಾಗಿರುತ್ತದೆ, ಬಲೆಗೆ ಉಜ್ಜಿ ಉಜ್ಜಿ. ಬಾಲದ ರೆಕ್ಕೆ ಅಂಚು ಹರಿದು ಜೂಲಾಗಿರುತ್ತದೆ. ಪಕ್ಕೆಯಲ್ಲಿ ಎರಡು ಮೂರು ಹುರುಪೆ ಕಿತ್ತಿರುತ್ತದೆ. ಹುರುಪೆ ಕಿತ್ತ ಜಾಗದಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುವುದು. ತಿಂಗಳಿಗೊಮ್ಮೆ 50 ಮೀನು ಹಿಡಿದು ತೂಗುವಾಗ ಸುಮ್ನೆ ಸರಾಸರಿ ಬರೆದುಕೊಂಡರೆ ಸಾಲದು. ಅತಿ ಚಿಕ್ಕದೆಷ್ಟು, ಅತಿ ದೊಡ್ಡದೆಷ್ಟು ಅಂತಲೂ ಬರೆಯಿರಿ. ಆ ಎರಡರ ಅಂತರ ಅಗಲವಾಗುತ್ತಾ ಹೋದರೆ ಪಂಜರ ತುಂಬಿದೆ ಅಂತ ಅರ್ಥ, ಸರಾಸರಿ ಏನೇ ಹೇಳಲಿ.

ದರ ಕೇಳಿ (ಮೈಸೂರು, ಮೀನು ವ್ಯಾಪಾರ)

ನಮ್ಮ ಕಡೆಯಿಂದಲೂ ಒಂದು ಮಾತು. ಜಿಲೇಬಿ 400 ಗ್ರಾಂ ಮೇಲಿದ್ದರೆ ಹೋಟೆಲಿನವರು ಇಡೀ ಮೀನು ಫ್ರೈಗೆ ಕೇಳಿ ಒಯ್ಯುತ್ತಾರೆ. 250-300ರದ್ದು ಬಂದರೆ ಸಂತೆಗೆ ಗುಡ್ಡೆ ಹಾಕಬೇಕು. ದರವೇ ಬೇರೆ. ಒಂದೇ ಕ್ರೇಟಿನಲ್ಲಿ ದೊಡ್ಡದು ಚಿಕ್ಕದು ಬೆರೆಸಿ ತಂದರೆ ನಾವು ಚಿಕ್ಕದರ ದರವೇ ಕಟ್ಟುವುದು. ಬೇಜಾರಾಗಬೇಡಿ, ಎಲ್ಲ ವ್ಯಾಪಾರಿಗಳೂ ಹಾಗೇ.

ಹಿನ್ನೀರ ಹುಡುಗ

ಸಂಘದಲ್ಲಿ ಹಿರಿಯರು ಒಬ್ಬರು ಒಪ್ಪುತ್ತಿಲ್ಲ. "ಚಿಕ್ಕದಾದರೆ ಆಗಲಿ, ಒಟ್ಟು ಟನ್ ಜಾಸ್ತಿ ಬರುತ್ತಲ್ಲ" ಅನ್ನುತ್ತಾರೆ. ಅವರಿಗೆ ಏನು ಹೇಳಲಿ?

ಬಲೆಮನೆ

ಈ ಲೆಕ್ಕ ತೋರಿಸಿ. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಕಿ ಹಾಕಿ ಮತ್ತೆ ಮಾಡಿ.

ಮೊದಲ ಪಂಜರಕ್ಕೆ ಘನ ಮೀಟರಿಗೆ 50, ಒಟ್ಟು 4,200 ಮರಿ. ಶೇ. 90 ಉಳಿದು 500 ಗ್ರಾಂ ಆದವು ಅನ್ನಿ. 1,890 ಕೆ.ಜಿ. ಮೀನು. ಕೆ.ಜಿ.ಗೆ ಒಂದೂವರೆ ಕೆ.ಜಿ. ಫೀಡಿನಂತೆ 2,835 ಕೆ.ಜಿ. ಫೀಡ್.

ಎರಡನೆಯದಕ್ಕೆ 100, ಒಟ್ಟು 8,400 ಮರಿ. ಶೇ. 85 ಉಳಿದು 350 ಗ್ರಾಂ ಆದವು. 2,499 ಕೆ.ಜಿ. ಮೀನು. ಫೀಡ್ ಕೆ.ಜಿ.ಗೆ 1.9ರಂತೆ 4,748 ಕೆ.ಜಿ.

ನಿಮ್ಮ ಹಿರಿಯರು ಹೇಳಿದಂತೆ ಟನ್ ಜಾಸ್ತಿ ಬಂತು, 609 ಕೆ.ಜಿ. ಜಾಸ್ತಿ. ಆದರೆ ಆ 609 ಕೆ.ಜಿ.ಗೆ ತಿನ್ನಿಸಿದ ಹೆಚ್ಚುವರಿ ಫೀಡ್ 1,913 ಕೆ.ಜಿ. ಅಂದರೆ ಹೆಚ್ಚುವರಿ ಬಂದ ಒಂದೊಂದು ಕೆ.ಜಿ.ಗೂ 3 ಕೆ.ಜಿ. ಮೇಲೆ ಫೀಡ್. ಫೀಡ್ 45 ರೂಪಾಯಿ ಅಂದರೆ 141 ರೂ. ಹೆಚ್ಚುವರಿ 4,200 ಮರಿಗೆ, ಮರಿ 4 ರೂ.ನಂತೆ, ಕೆ.ಜಿ.ಗೆ ಇನ್ನೊಂದು 28 ರೂ. ಸೇರಿಸಿ. ಸುಮಾರು 169 ರೂ. ಖರ್ಚು ಮಾಡಿ ಒಂದು ಕೆ.ಜಿ. ಸಣ್ಣ ಜಿಲೇಬಿ. ಕೂಲಿ, ದೋಣಿ, ಬಲೆ ಇನ್ನೂ ಸೇರಿಸಿಲ್ಲ.

"ದರ ಕೇಳಿ" ಅವರೇ, ಆ ದರಕ್ಕೆ ತಗೊಳ್ಳುತ್ತೀರಾ?

ದರ ಕೇಳಿ

350 ಗ್ರಾಂದು, ಪಂಜರದ ಹತ್ತಿರ? ಆ ರೇಟಿಗೆ ನಾನು ರೋಹು ತಗೊಳ್ಳುತ್ತೇನೆ ಸಾರ್.

ಪಂಗಾಸ್ ಪ್ರೇಮಿ

ಈ ಲೆಕ್ಕ ನನಗೂ ಹೊಸದು. ಸರಾಸರಿ ಫೀಡ್ ಮಾತ್ರ ನೋಡುತ್ತಿದ್ದೆ. ಎರಡು ಪಂಜರಕ್ಕೆ 70 ಬಿಟ್ಟು ನೋಡುತ್ತೇನೆ. ಆದರೂ ಪಂಗಾಸಿಗೆ 40 ಅಂದರೆ ಒಪ್ಪಲ್ಲ.

ಬಲೆಮನೆ

ನಾನೂ ಒಪ್ಪಲ್ಲ, ಪಂಗಾಸಿಗೆ ಅದು ಕಮ್ಮಿಯೇ.

ಹಿನ್ನೀರ ಹುಡುಗ ಅವರೇ, ನಿಮ್ಮ ನೀರಿನ ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಸಿಗದ ಸಂಗತಿ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಮಳೆಯ ಕೆಂಪು ನೀರು ಬರುತ್ತದೆ, ಮಣ್ಣು ಬಲೆಗೂ ಕಿವಿರಿಗೂ ಮೆತ್ತುತ್ತದೆ. ಹಾಗಾಗಿ ಹೆಚ್ಚಿನವರು ಸೆಪ್ಟೆಂಬರ್, ಅಕ್ಟೋಬರಿಗೆ ಮರಿ ಬಿಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಧಾನ. ಫೆಬ್ರವರಿಯಿಂದ ಓಟ. ಏಪ್ರಿಲ್, ಮೇಗೆ ಮೀನು ಭಾರ.

ಈಗ ನೀರು ನೋಡಿ. 124.80 ಅಡಿ ತುಂಬುವ ಕಟ್ಟೆ ಬೇಸಿಗೆಗೆ 90 ಅಡಿಗಿಂತ ಕೆಳಗೆ ಇಳಿಯುವುದು ಹೊಸದಲ್ಲ. 2017ರ, 2024ರ ಬೇಸಿಗೆ ನೆನಪಿದೆಯಲ್ಲಾ? ಬಿಸಿ ನೀರಲ್ಲಿ ಆಮ್ಲಜನಕವೂ ಕಮ್ಮಿ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಬಿಸಿಗೆ ಮೀನಿನ ಉಸಿರಾಟ ಮಾತ್ರ ಏರುತ್ತದೆ. ಅಂದರೆ ಪಂಜರದಲ್ಲಿ ಮೀನು ಅತಿ ಭಾರ ಇರುವ ತಿಂಗಳೇ ನೀರು ಅತಿ ಕಮ್ಮಿ, ಅತಿ ಬಿಸಿ. ಮರಿ ಬಿಡುವಾಗ ಅಕ್ಟೋಬರಿನ ತುಂಬಿದ ಹಿನ್ನೀರು ನೋಡಿ ಬಿಡುತ್ತೇವೆ. ಲೆಕ್ಕ ಇರಬೇಕಾದ್ದು ಮೇ ತಿಂಗಳ ಮುಂಜಾನೆ ಐದೂವರೆಗೆ.

ನಿಂತ ಹಿನ್ನೀರಿಗೆ ನನ್ನ ಮಟ್ಟಿಗೆ ಜಿಲೇಬಿ ಘನ ಮೀಟರಿಗೆ 15 ಕೆ.ಜಿ., ಗಾಳಿ ಆಡುವ ಆಳದ ಜಾಗವಾದರೆ 20. ಅದರ ಮೇಲೆ ಹೋಗುವವರಿದ್ದಾರೆ, ಅವರ ಎದೆ ಗಟ್ಟಿ.

15ರಂತೆ 84 ಘನ ಮೀಟರಿಗೆ 1,260 ಕೆ.ಜಿ. 450 ಗ್ರಾಂ ಸೈಜಿಗೆ 2,800 ಮೀನು. ಶೇ. 85 ಉಳಿಯುತ್ತದೆ ಅಂದರೆ ಸುಮಾರು 3,300 ಮರಿ. ಘನ ಮೀಟರಿಗೆ 40ರ ಹತ್ತಿರ. ತರಬೇತಿಯಲ್ಲಿ ಹೇಳಿದವರು ಸುಮ್ನೆ ಹೇಳಿಲ್ಲ.

ಹಿನ್ನೀರ ಹುಡುಗ

ಅಣ್ಣಾ, 55-60 ಬಿಟ್ಟು ಮಾರ್ಚಲ್ಲಿ ಅರ್ಧಕ್ಕರ್ಧ ಹಿಡಿದು ಮಾರಿದರೆ?

ಬಲೆಮನೆ

ಒಳ್ಳೆ ಯೋಚನೆ. ಹಾಗೆ ಮಾಡುವವರು ಇದ್ದಾರೆ. ದೊಡ್ಡದನ್ನು ಮೊದಲು ತೆಗೆಯಿರಿ, ಹಿಂದುಳಿದವು ಜಾಗ ಸಿಕ್ಕ ಕೂಡಲೇ ಏರುತ್ತವೆ. ಆದರೆ ಮಾರ್ಚಲ್ಲಿ ದರ ಬಿದ್ದಿದೆ, ಮುಂದಿನ ವಾರ ನೋಡೋಣ ಅಂತ ಕಾಯುವ ಹಾಗಿಲ್ಲ. ಗಿರಾಕಿ ಗಟ್ಟಿ ಇದ್ದರೆ ಮಾತ್ರ ಮಾಡಿ. ಹಿಡಿಯುವ ಹಿಂದಿನ ದಿನ ಫೀಡ್ ನಿಲ್ಲಿಸಿ, ಬೆಳಗಿನ ತಂಪಲ್ಲಿ ಮುಗಿಸಿ.

ಮರಿ ಸಾಕುವುದಕ್ಕೆ ಬೇರೆ ಸಣ್ಣ ಕಣ್ಣಿನ ಬಲೆಯ ಪಂಜರ ಒಂದಿದ್ದರೆ ಇನ್ನೂ ಅನುಕೂಲ. ಭತ್ತದ ಸಸಿಮಡಿಯಂತೆ ಅಲ್ಲಿ ಒತ್ತಾಗಿ ಬೆಳೆಸಿ, 30-40 ಗ್ರಾಂ ಆದ ಮೇಲೆ ಸೈಜು ವಿಂಗಡಿಸಿ ದೊಡ್ಡ ಪಂಜರಕ್ಕೆ ಹಂಚಿ.

ಕಾವೇರಿ ತೀರ (ಶ್ರೀರಂಗಪಟ್ಟಣ)

ಎಲ್ಲರೂ ಪಂಜರದ ಒಳಗಿನ ದಟ್ಟಣೆ ಮಾತಾಡುತ್ತಿದ್ದೀರಿ. ಹಿನ್ನೀರಿಗೆ ಒಟ್ಟು ಎಷ್ಟು ಪಂಜರ ಅಂತ ಯಾರೂ ಕೇಳುತ್ತಿಲ್ಲ. ಈ ನೀರನ್ನು ಮೈಸೂರು, ಮಂಡ್ಯ, ಬೆಂಗಳೂರು ಕುಡಿಯುತ್ತವೆ. ತಿನ್ನದೆ ಉಳಿದ ಫೀಡ್, ಹಿಕ್ಕೆ ಎಲ್ಲ ಅಲ್ಲೇ ತಳಕ್ಕೆ ಕೂರುತ್ತದೆ. ಬಲೆ ಹರಿದರೆ ಜಿಲೇಬಿ ನದಿಗೆ. ನದಿಯಲ್ಲಿ ಅದು ಈಗಾಗಲೇ ಬೇಕಾದಷ್ಟಿದೆ ಅನ್ನುವುದು ಬೇರೆ ಮಾತು.

ಮಂಗಳೂರು ಕಾಲೇಜು

ಸರಿಯಾದ ಪ್ರಶ್ನೆ ಸಾರ್. ಇಂಡೋನೇಷ್ಯಾದ ಮನಿಂಜೌ ಸರೋವರ, ಫಿಲಿಪ್ಪೀನ್ಸಿನ ತಾಲ್ ಸರೋವರ ನಮಗೆ ಪಾಠದಲ್ಲೇ ಇದೆ. ಪಂಜರ ಮಿತಿಮೀರಿತ್ತು. ತಳದಲ್ಲಿ ಕೊಳೆ ಸೇರಿ, ಕೆಳಗಿನ ನೀರಲ್ಲಿ ಆಮ್ಲಜನಕವೇ ಇರಲಿಲ್ಲ. ಗಾಳಿ ಮಳೆಗೆ ಮೇಲಿನ ನೀರು ತಣ್ಣಗಾದಾಗ ತಳದ ನೀರು ಮೇಲಕ್ಕೆ ಮಗುಚಿ ಬಂತು. 2011ರಲ್ಲಿ ತಾಲ್‌ನಲ್ಲಿ ನೂರಾರು ಟನ್ ಮೀನು ಸತ್ತವು. ಕಮ್ಮಿ ಮರಿ ಬಿಟ್ಟವನ ಮೀನಿಗೂ ಆ ನೀರೇ ಗತಿ. ಒಬ್ಬರು ಜಾಣರಾಗಿದ್ದರೆ ಸಾಲದು, ಇಡೀ ಜಲಾಶಯಕ್ಕೆ ಲೆಕ್ಕ ಇರಬೇಕು. ಅನುಮತಿ ಕೊಡುವ ಹಂತದಲ್ಲೇ ಅದನ್ನು ನೋಡಬೇಕು.

ರೋಗವೂ ಹಾಗೇ. ತಿಲಾಪಿಯಾ ಲೇಕ್ ವೈರಸ್ ನಮ್ಮ ದೇಶದಲ್ಲೂ ಪತ್ತೆಯಾಗಿದೆ. ಪರವಾನಗಿ ಇಲ್ಲದ ಹ್ಯಾಚರಿಯ ಮರಿ ಅಗ್ಗ ಅಂತ ತಂದರೆ ಪಕ್ಕದ ಪಂಜರಕ್ಕೂ ಹೋಗುತ್ತದೆ.

ಬಲೆಮನೆ

ಕಾವೇರಿ ತೀರ ಅವರ ಮಾತಿಗೆ ನನ್ನ ಬಳಿ ವಾದ ಇಲ್ಲ. ಪಂಜರದ ತಳದಿಂದ ನೆಲಕ್ಕೆ, ನೀರು ಅತಿ ಕಮ್ಮಿ ಇರುವಾಗಲೂ, ಕೆಲವು ಮೀಟರ್ ಅಂತರ ಇರಲೇಬೇಕು. ಸಾಲು ಸಾಲಾಗಿ ಒತ್ತಿ ಕಟ್ಟಿದರೆ ಮೊದಲ ಪಂಜರದ ಉಸಿರು ಬಿಟ್ಟ ನೀರು ಎರಡನೆಯದಕ್ಕೆ. ಗಾಳಿಗೆ ಅಡ್ಡ ಕಟ್ಟಿ, ನಡುವೆ ಜಾಗ ಬಿಡಿ.

ಒಂದು ಮೋಡದ ವಾರ ನಮ್ಮ ಕಡೆಯೂ ಬಂದಿತ್ತು. ಗಾಳಿ ಇಲ್ಲ, ಬಿಸಿಲಿಲ್ಲ. ಬೆಳಕು ಹರಿಯುವ ಮುಂಚೆ ಹೋದರೆ ಮೀನೆಲ್ಲಾ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದವು. ಫೀಡ್ ನಿಲ್ಲಿಸಿದೆವು. ಪಾಚಿ ಮೆತ್ತಿ ಭಾರವಾಗಿದ್ದ ಬಲೆಯನ್ನು ಇಬ್ಬರು ಹರಿಗೋಲಿನಲ್ಲಿ ನಿಂತು ಎತ್ತಿ ಬ್ರಷ್ ಹಾಕಿದರು. ಹೆಚ್ಚು ತುಂಬಿದ್ದ ಪಂಜರದಲ್ಲಿ ಸತ್ತವು, ಪಕ್ಕದ ಸಡಿಲ ಪಂಜರದಲ್ಲಿ ಮಧ್ಯಾಹ್ನಕ್ಕೆ ಮೇವು ಹಿಡಿದವು. ನೀರು ಒಂದೇ, ಫೀಡ್ ಒಂದೇ, ಮರಿ ಬಂದ ಹ್ಯಾಚರಿಯೂ ಒಂದೇ.

ದರ ಕೇಳಿ

ನೀರುನಾಯಿ ಕಾಟ ಹೇಗೆ ಸಾರ್ ನಿಮ್ಮ ಕಡೆ? ಪಂಜರ ಹಾಕಿದವರೆಲ್ಲಾ ಅದನ್ನೇ ಹೇಳುತ್ತಾರೆ.

ಬಲೆಮನೆ

ಕಪಿಲೆಯಲ್ಲೂ ಇವೆ, ಕಾವೇರಿಯಲ್ಲೂ ಇವೆ. ಹೊರಗೆ ಇನ್ನೊಂದು ಗಟ್ಟಿ ಬಲೆ ಬೇಕು. ಮೇಲೆ ನೀರುಕಾಗೆಗೆ ಮುಚ್ಚು ಬಲೆ. ಆದರೆ ಎರಡು ಬಲೆ ಆದರೆ ನೀರಿನ ಓಡಾಟ ಇನ್ನೂ ಕಮ್ಮಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊರ ಬಲೆಯ ಕಣ್ಣು ದೊಡ್ಡದಿರಲಿ. ನೀರುನಾಯಿಗೆ ಉರುಳು ಗಿರುಳು ಅಂತ ಹೋಗಬೇಡಿ, ಕಾನೂನಿನ ರಕ್ಷಣೆ ಇರುವ ಪ್ರಾಣಿ.

ಹಿನ್ನೀರ ಹುಡುಗ

ಸಂಘದಲ್ಲಿ ಮಾತಾಡಿದೆವು. ಒಂದು ಪಂಜರಕ್ಕೆ 3,300, ಇನ್ನೊಂದಕ್ಕೆ 4,600 ಬಿಟ್ಟು ಮಾರ್ಚಲ್ಲಿ ಅರ್ಧ ಹಿಡಿಯುವುದು ಅಂತ ಒಪ್ಪಿದ್ದಾರೆ. ಹಿರಿಯರು 169 ರೂಪಾಯಿ ಲೆಕ್ಕ ಎರಡು ಸಲ ಕೇಳಿಸಿಕೊಂಡರು, ಆಮೇಲೆ ಸುಮ್ಮನಾದರು. ಸಹಾಯಧನ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಎಸ್.ಸಿ., ಎಸ್.ಟಿ.ಗೆ ಶೇ. 60 ಅಂತ ಹೇಳಿದ್ದಾರೆ. ಮರಿ ಚೀಲದ ಲೆಕ್ಕದಲ್ಲಿ ಬರುತ್ತದಂತೆ, ಚೀಲಕ್ಕೆ ಇಷ್ಟು ಅಂತ.

ಬಲೆಮನೆ

ಚೀಲದ ಮೇಲೆ ಬರೆದದ್ದನ್ನು ನಂಬಬೇಡಿ. ಯಾವುದಾದರೂ ಒಂದು ಚೀಲ ನೀವೇ ಆರಿಸಿ, ಬಿಚ್ಚಿ ಎಣಿಸಿ. ಕಮ್ಮಿ ಇದ್ದರೆ ದುಡ್ಡು ಹೋಯಿತು. ಜಾಸ್ತಿ ಇದ್ದರೆ, "ಪುಕ್ಕಟೆ ಬಂತು" ಅಂತ ಅದನ್ನೂ ಒಳಗೆ ಸುರಿಯುವವರೇ ಹೆಚ್ಚು. ಉಳಿದದ್ದನ್ನು ಮರಿ ಪಂಜರದಲ್ಲೇ ಇಟ್ಟುಕೊಳ್ಳಿ. ಮೊದಲ ವಾರ ಸತ್ತವನ್ನು ದಿನಾ ಎಣಿಸಿ ತೆಗೆದು, ಅಷ್ಟನ್ನೇ ಅದರಿಂದ ತುಂಬಿಸಿ. ಚೀಲ ಬಿಚ್ಚುವ ಮುಂಚೆ 20 ನಿಮಿಷ ಹಿನ್ನೀರಲ್ಲೇ ತೇಲಿಸಿಡಿ, ಒಳಗಿನ ನೀರು ಹೊರಗಿನ ನೀರು ಒಂದೇ ಬಿಸಿಗೆ ಬರಲಿ. ಮರಿ ಬಿಟ್ಟ ದಿನ ಫೀಡ್ ಬೇಡ.